‘ಪ್ಯಾರಿಸ್ ಈಸ್ ಬರ್ನಿಂಗ್’ ತೋರಿಸುವ ಮುನ್ನ: ಹಾರ್ಲೆಮ್‌ನ ಬಾಲ್ ಮನೆಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ಮೈಸೂರಿನಲ್ಲಿ ನಾವು 30 ಜನ ಸೇರಿ ತಿಂಗಳಿಗೊಂದು ಸಾಕ್ಷ್ಯಚಿತ್ರ ನೋಡುತ್ತೇವೆ. ಆಮೇಲೆ ಒಂದು ಗಂಟೆ ಮಾತುಕತೆ. ಮುಂದಿನ ತಿಂಗಳು ‘ಪ್ಯಾರಿಸ್ ಈಸ್ ಬರ್ನಿಂಗ್’ ಹಾಕುತ್ತಿದ್ದೇವೆ. ನ್ಯೂಯಾರ್ಕ್‌ನ ಡ್ರ್ಯಾಗ್ ಬಾಲ್‌ಗಳ, ಅಂದರೆ ವೇಷ ತೊಟ್ಟು ಪೈಪೋಟಿ ನಡೆಸುವ ಕೂಟಗಳ ಬಗ್ಗೆ ಇರುವ ಸಿನಿಮಾ. ಮಾತುಕತೆ ನಡೆಸುವ ಜವಾಬ್ದಾರಿ ನನ್ನ ಮೇಲಿದೆ. ನಾನು ಒಮ್ಮೆ ನೋಡಿದ್ದೇನೆ. ಇಷ್ಟವಾಯಿತು, ಆದರೆ ಅರ್ಧ ಅರ್ಥವಾಗಲಿಲ್ಲ. ಇದು ಫ್ಯಾಷನ್ ಶೋನಾ? ನಮ್ಮ ಯಕ್ಷಗಾನದ ಸ್ತ್ರೀವೇಷದ ಥರದ್ದಾ? ಗುಂಪಿನಲ್ಲಿ ಕೆಲವರು ‘ಇದೆಲ್ಲ ನಮಗ್ಯಾಕೆ’ ಅನ್ನುತ್ತಿದ್ದಾರೆ. ಚರ್ಚೆಯನ್ನು ಎಲ್ಲಿಂದ ಶುರು ಮಾಡಲಿ? ಯಾರನ್ನಾದರೂ ಕರೆಸಬೇಕಾ? ಇನ್ನೊಂದು ಮಾತು. ನಮ್ಮ ತಾಯಿಗೆ 72 ವರ್ಷ. ತಾನೂ ಬರುತ್ತೇನೆ ಅನ್ನುತ್ತಿದ್ದಾರೆ. ಕರೆದುಕೊಂಡು ಬರಬಹುದಾ?

ಉತ್ತರ: ಸಿನಿಮಾದ ಆರಂಭವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ರಾತ್ರಿ ಹೊತ್ತು, ನ್ಯೂಯಾರ್ಕ್‌ನ ಬೀದಿ. ಇಬ್ಬರು ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದಾರೆ. ಇನ್ನೂ ಮೀಸೆ ಮೂಡದ ವಯಸ್ಸು. ತಮಗೆ ಮನೆಯವರ ಆಸರೆ ಇಲ್ಲ, ಬಾಲ್‌ಗೆ ಬರುವವರೇ ಮನೆಯವರು ಅನ್ನುವ ಅರ್ಥದ ಮಾತಾಡುತ್ತಾರೆ. ಆ ಮಾತಿನಲ್ಲಿ ಗೋಳು ಇಲ್ಲ. ಆಮೇಲೆ ಮಿಂಚುವ ಗೌನು, ಗರಿ, ಟ್ರೋಫಿ, ಚಪ್ಪಾಳೆ ಎಲ್ಲ ಶುರುವಾಗುತ್ತದೆ. ನಾವು ಆ ಹುಡುಗರನ್ನು ಮರೆತೇಬಿಡುತ್ತೇವೆ.

ಒಂದು ಸಲ ನಾನು ಈ ಸಿನಿಮಾ ತೋರಿಸಿದಾಗ ಹೀಗೇ ಆಯಿತು. ಮುಗಿದ ಮೇಲೆ ಎಲ್ಲರೂ ಬಟ್ಟೆ, ನಡಿಗೆ, ಪಾಪ್ ಗಾಯಕಿ ಮಡೋನಾ ಅಂತ ಮಾತಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಇದ್ದರು, ಮೊಮ್ಮಗಳ ಜೊತೆ ಬಂದವರು. ಅವರು ಕೇಳಿದ್ದು ಒಂದೇ ಪ್ರಶ್ನೆ. ‘ಆ ಎರಡು ಮಕ್ಕಳು ರಾತ್ರಿ ಊಟ ಎಲ್ಲಿ ಮಾಡ್ತಿದ್ವು?’ ಯಾರ ಹತ್ತಿರವೂ ತಕ್ಷಣ ಉತ್ತರ ಇರಲಿಲ್ಲ. ಆಮೇಲೆ ನಾನು ನಡೆಸಿದ ಚರ್ಚೆಗಳೆಲ್ಲ ಆ ಪ್ರಶ್ನೆಯಿಂದಲೇ ಶುರುವಾಗಿವೆ. ನಿಮಗೂ ಅದನ್ನೇ ಕೊಡುತ್ತೇನೆ. ಅದರ ಉತ್ತರ ಹುಡುಕುತ್ತಾ ಹೋದರೆ ಬಾಲ್ ಅಂದರೇನು ಅನ್ನುವುದು ತಾನಾಗಿ ತಿಳಿಯುತ್ತದೆ.

ಊಟ ಸಿಗುತ್ತಿದ್ದದ್ದು ‘ಹೌಸ್’ನಲ್ಲಿ. ಹೌಸ್ ಅಂದರೆ ಮನೆ. ಕೆಲವು ಸಲ ಅದಕ್ಕೆ ಗೋಡೆ, ಬಾಗಿಲು, ಅಡುಗೆಮನೆ ಇರುತ್ತಿತ್ತು. ಜಾಸ್ತಿ ಸಲ ಯಾರದೋ ಸಣ್ಣ ಅಪಾರ್ಟ್‌ಮೆಂಟಿನಲ್ಲಿ ಐದಾರು ಜನ ಮಲಗುವ ಜಾಗ, ಅಷ್ಟೇ. ಗೇ ಅಂತಲೋ ಟ್ರಾನ್ಸ್ ಅಂತಲೋ ಗೊತ್ತಾಗಿ ಮನೆಯಿಂದ ಹೊರಬಿದ್ದ ಕಪ್ಪು ಮತ್ತು ಲ್ಯಾಟಿನೋ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಮನೆಗೆ ಒಬ್ಬ ‘ಮದರ್’, ಕೆಲವೆಡೆ ‘ಫಾದರ್’ ಕೂಡ. ಉಳಿದವರು ಮಕ್ಕಳು. ಎಲ್ಲರಿಗೂ ಮನೆಯ ಹೆಸರೇ ಮನೆತನದ ಹೆಸರು: ಲಬೇಜಾ, ಕೋರಿ, ಪೆಂಡೇವಿಸ್, ಡುಪ್ರೀ, ಎಕ್ಸ್‌ಟ್ರಾವಗಾಂಜಾ, ನಿಂಜಾ. ಸಿನಿಮಾದಲ್ಲಿ ಇಬ್ಬರಿಗೆ ಒಂದೇ ಅಡ್ಡಹೆಸರು ಇದೆ ಅಂದರೆ ಅವರು ರಕ್ತಸಂಬಂಧಿಗಳಲ್ಲ, ಒಂದೇ ಮನೆಯವರು. ಇದನ್ನು ಸಿನಿಮಾ ಹಾಕುವ ಮೊದಲೇ ಹೇಳಿಬಿಡಿ. ಇಲ್ಲವಾದರೆ ಅರ್ಧ ಗಂಟೆ ಗೊಂದಲ.

ಎಕ್ಸ್‌ಟ್ರಾವಗಾಂಜಾ ಮನೆಯ ಮದರ್ ಏಂಜಿ ಅವರನ್ನು ಗಮನಿಸಿ. ಮಕ್ಕಳಿಗೆ ಬುದ್ಧಿ ಹೇಳುತ್ತಾರೆ, ಕಾಳಜಿ ಮಾಡುತ್ತಾರೆ, ಗದರುತ್ತಾರೆ. ನೋಡಿದರೆ ಮಧ್ಯವಯಸ್ಸಿನ ತಾಯಿ ಅನ್ನಿಸುತ್ತದೆ. ಆದರೆ ಚಿತ್ರೀಕರಣದ ಹೊತ್ತಿಗೆ ಅವರಿಗೆ ಹೆಚ್ಚೆಂದರೆ 25. ತನ್ನದೇ ಬಾಳು ನೆಟ್ಟಗಾಗದ ವಯಸ್ಸಿನಲ್ಲಿ ಬೇರೆಯವರ ಮಕ್ಕಳನ್ನು ಸಾಕುತ್ತಿದ್ದರು. 1993ರಲ್ಲಿ, 28ನೇ ವಯಸ್ಸಿಗೆ ಅವರು ಏಡ್ಸ್ ಸಂಬಂಧಿತ ಕಾಯಿಲೆಯಿಂದ ತೀರಿಕೊಂಡರು.

ಇನ್ನು ಬಾಲ್. ಈ ಮನೆಗಳೆಲ್ಲ ಒಂದು ರಾತ್ರಿ ಒಂದು ಹಾಲ್‌ನಲ್ಲಿ ಸೇರಿ ಪೈಪೋಟಿ ನಡೆಸುವುದೇ ಬಾಲ್. ಸಿನಿಮಾದಲ್ಲಿ ಕಾಣುವುದು ನ್ಯೂಯಾರ್ಕ್‌ನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಎಲ್ಕ್ಸ್ ಲಾಡ್ಜ್ ಅನ್ನುವ ಸಾಧಾರಣ ಸಭಾಂಗಣ. ಮಧ್ಯೆ ನಡೆಯಲು ಜಾಗ, ಎರಡೂ ಕಡೆ ಜನ, ಒಂದು ತುದಿಯಲ್ಲಿ ತೀರ್ಪುಗಾರರ ಮೇಜು, ಮೈಕ್ ಹಿಡಿದು ಹುರಿದುಂಬಿಸುವವರೊಬ್ಬರು. ಪ್ರತಿ ಸ್ಪರ್ಧೆಗೂ ಒಂದು ‘ಕೆಟಗರಿ’. ಸ್ಪರ್ಧಿಸುವುದಕ್ಕೆ ಅವರು ಹೇಳುವುದು ‘ವಾಕ್ ಮಾಡುವುದು’. ತೀರ್ಪುಗಾರರು ಅಂಕದ ಕಾರ್ಡ್ ಎತ್ತುತ್ತಾರೆ, ಹತ್ತಕ್ಕೆ ಹತ್ತು ಬಂದರೆ ಹಾಲ್ ಎದ್ದು ಕುಣಿಯುತ್ತದೆ. ಗೆದ್ದರೆ ಆಳೆತ್ತರದ ಟ್ರೋಫಿ. ಅದನ್ನು ಮನೆಗೆ ಒಯ್ದರೆ ಇಡಲು ಜಾಗ ಇರುತ್ತಿರಲಿಲ್ಲ. ಆದರೂ ಒಯ್ಯುತ್ತಿದ್ದರು.

ಆದ್ದರಿಂದ ‘ಫ್ಯಾಷನ್ ಶೋನಾ’ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಫ್ಯಾಷನ್ ಶೋದಲ್ಲಿ ಬಟ್ಟೆ ಮಾರಾಟಕ್ಕಿರುತ್ತದೆ, ತೊಟ್ಟವರ ಹೆಸರು ಯಾರಿಗೂ ಬೇಕಿರುವುದಿಲ್ಲ. ಬಾಲ್‌ನಲ್ಲಿ ಬಟ್ಟೆ ಕೆಲವು ಸಲ ಸಾಲ ತಂದದ್ದು, ಕೆಲವು ಸಲ ಕೈಯಲ್ಲಿ ಹೊಲಿದದ್ದು, ಕೆಲವು ಸಲ ಅಂಗಡಿಯಿಂದ ಕದ್ದದ್ದು. ಸಿನಿಮಾ ಇದನ್ನು ಮುಚ್ಚಿಡುವುದಿಲ್ಲ. ಆದರೆ ತೊಟ್ಟವರ ಹೆಸರನ್ನು ಮೈಕ್‌ನಲ್ಲಿ ಕೂಗಿ ಹೇಳುತ್ತಾರೆ, ಅವರ ಮನೆಯ ಹೆಸರಿನ ಸಮೇತ.

ಈ ಸಂಪ್ರದಾಯ ಸಿನಿಮಾ ಚಿತ್ರೀಕರಿಸಿದ 1980ರ ದಶಕದ್ದಲ್ಲ, ತುಂಬಾ ಹಳೆಯದು. ವಿಲಿಯಂ ಡಾರ್ಸಿ ಸ್ವಾನ್ ಅನ್ನುವವರು ಮೇರಿಲ್ಯಾಂಡ್‌ನಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವರು. 1880ರ ದಶಕದಲ್ಲಿ ವಾಷಿಂಗ್ಟನ್ ನಗರದಲ್ಲಿ ಅವರು ಗುಟ್ಟಾಗಿ ಡ್ರ್ಯಾಗ್ ಬಾಲ್‌ಗಳನ್ನು ನಡೆಸುತ್ತಿದ್ದರು. 1888ರ ಏಪ್ರಿಲ್‌ನಲ್ಲಿ ಪೊಲೀಸರು ಒಂದು ಕೂಟದ ಮೇಲೆ ದಾಳಿ ಮಾಡಿದಾಗ, ಬೇರೆಯವರು ಓಡಿದರೂ ಸ್ವಾನ್ ಸ್ಯಾಟಿನ್ ಗೌನಿನಲ್ಲೇ ನಿಂತು ಪೊಲೀಸರನ್ನು ತಡೆದರು. 1896ರಲ್ಲಿ ಇನ್ನೊಂದು ಕೇಸಿನಲ್ಲಿ ಜೈಲು ಶಿಕ್ಷೆ ಆದಾಗ ಕ್ಷಮೆ ಕೋರಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್‌ಗೇ ಅರ್ಜಿ ಹಾಕಿದರು. ಅರ್ಜಿ ತಿರಸ್ಕಾರವಾಯಿತು. ತಮ್ಮವರು ಸೇರುವ ಹಕ್ಕಿಗಾಗಿ ಒಬ್ಬ ಮಾಜಿ ಗುಲಾಮ ಅಷ್ಟು ಹಿಂದೆಯೇ ಸರ್ಕಾರದ ಬಾಗಿಲು ತಟ್ಟಿದ್ದರು ಅನ್ನುವುದನ್ನು ನಿಮ್ಮ ಗುಂಪಿಗೆ ತಪ್ಪದೆ ಹೇಳಿ.

1920ರ ದಶಕದ ಹೊತ್ತಿಗೆ ಹಾರ್ಲೆಮ್‌ನಲ್ಲಿ ಹ್ಯಾಮಿಲ್ಟನ್ ಲಾಡ್ಜ್ ಅನ್ನುವ ಸಂಘ ನಡೆಸುತ್ತಿದ್ದ ಬಾಲ್‌ಗೆ ಸಾವಿರಾರು ಜನ ಬರುತ್ತಿದ್ದರು. ಕಪ್ಪು ಜನ, ಬಿಳಿಯರು, ಶ್ರೀಮಂತರು, ಸುಮ್ನೆ ನೋಡಲು ಬಂದವರು ಎಲ್ಲರೂ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಕೂಡ ಅದನ್ನು ಕಂಡು ಬರೆದಿದ್ದಾರೆ. ಆದರೆ ಮುಂದಿನ ದಶಕಗಳ ಡ್ರ್ಯಾಗ್ ಸ್ಪರ್ಧೆಗಳಲ್ಲಿ ಗೆಲುವು ಹೆಚ್ಚಾಗಿ ಬಿಳಿಯರಿಗೇ ಸಿಗುತ್ತಿತ್ತು. ಕಪ್ಪು ಸ್ಪರ್ಧಿಗಳು ಮುಖ ಬೆಳ್ಳಗೆ ಮಾಡಿಕೊಂಡು ಹೋಗಬೇಕಾಗುತ್ತಿತ್ತು. 1967ರಲ್ಲಿ ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಕ್ರಿಸ್ಟಲ್ ಲಬೇಜಾ ಈ ಪಕ್ಷಪಾತದ ವಿರುದ್ಧ ಎಲ್ಲರೆದುರೇ ಸಿಡಿದೆದ್ದು ಹೊರನಡೆದರು. ಆ ಸಿಟ್ಟು ಕ್ಯಾಮೆರಾದಲ್ಲಿ ದಾಖಲಾಗಿದೆ. ಐದು ವರ್ಷದ ನಂತರ, 1972ರಲ್ಲಿ, ಲಾಟಿ ಅನ್ನುವ ಗೆಳತಿಯ ಜೊತೆ ಸೇರಿ ಹಾರ್ಲೆಮ್‌ನಲ್ಲಿ ತಮ್ಮದೇ ಬಾಲ್ ನಡೆಸಿದರು, ಲಬೇಜಾ ಮನೆಯ ಹೆಸರಿನಲ್ಲಿ. ಮನೆಗಳ ಕಾಲ ಶುರುವಾದದ್ದು ಹಾಗೆ. ಅಂಗಳದಲ್ಲಿ ಸರಿಯಾದ ಆಟ ಸಿಗದಿದ್ದಾಗ ಅವರು ಅಂಗಳವನ್ನೇ ಬೇರೆ ಮಾಡಿಕೊಂಡರು.

ಯಕ್ಷಗಾನದ ಪ್ರಶ್ನೆಗೆ ಬರೋಣ. ಹೋಲಿಕೆ ಹೊಳೆಯುವುದು ಸಹಜ, ಆದರೆ ಬೇಗ ದಾರಿ ತಪ್ಪಿಸುತ್ತದೆ. ಸ್ತ್ರೀವೇಷ ಕಲಾವಿದರು ದಮಯಂತಿಯೋ ಅಂಬೆಯೋ ಆಗಿ ರಂಗಕ್ಕೆ ಬರುತ್ತಾರೆ. ಪ್ರಸಂಗ ಇದೆ, ಭಾಗವತರ ಪದ ಇದೆ, ಊರೆಲ್ಲ ಕೂತು ನೋಡುತ್ತದೆ. ಬೆಳಗಾದರೆ ಬಣ್ಣ ಅಳಿಸಿ ಮನೆಗೆ ಹೋಗುತ್ತಾರೆ, ಮನೆಯವರು ಬಾಗಿಲು ತೆಗೆಯುತ್ತಾರೆ. ಬಾಲ್‌ನಲ್ಲಿ ಪುರಾಣದ ಪಾತ್ರ ಇಲ್ಲ. ಅಲ್ಲಿ ಕಟ್ಟುವ ವೇಷ ಆಫೀಸಿನ ಅಧಿಕಾರಿಯದು, ಶಾಲೆಗೆ ಹೋಗುವ ಹುಡುಗನದು, ಸೈನಿಕನದು. ಅಂದರೆ ತಮಗೆ ಬಾಗಿಲು ಮುಚ್ಚಿದ ಬದುಕಿನ ವೇಷ.

ನಮ್ಮಲ್ಲಿ ಹೋಲಿಸಲೇಬೇಕು ಅಂದರೆ ಹಿಜ್ರಾ ಸಮುದಾಯದ ಗುರು-ಚೇಲಾ ಸಂಬಂಧವನ್ನೋ, ಹಿಜ್ರಾಗಳು ನಡೆಸುವ ಸ್ನಾನದ ಮನೆಗಳಾದ ಬೆಂಗಳೂರಿನ ಹಮಾಮ್‌ಗಳನ್ನೋ, ಜೋಗತಿಯರ ಒಡನಾಟವನ್ನೋ ನೋಡಬಹುದು. ಹೆತ್ತ ಮನೆ ಬಿಟ್ಟವರಿಗೆ ಇನ್ನೊಬ್ಬ ತಾಯಿ, ಇನ್ನೊಂದು ಮನೆ. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರಿಗೆ ಕಲೆ ಕಲಿಸಿದ್ದು ಕಾಳವ್ವ ಜೋಗತಿ ಅನ್ನುವುದು ನಿಮ್ಮ ಗುಂಪಿನಲ್ಲಿ ಹಲವರಿಗೆ ಗೊತ್ತಿರುತ್ತದೆ. ಆದರೆ ಅಲ್ಲೂ ಹುಷಾರು. ಜೋಗತಿಯರ ಹಿಂದೆ ಎಲ್ಲಮ್ಮನ ಭಕ್ತಿ, ಚೌಡಿಕೆ, ಪಡ್ಲಿಗೆ ಇದೆ. ಹಾರ್ಲೆಮ್‌ನ ಮನೆಗಳ ಹಿಂದೆ ಗುಲಾಮಗಿರಿಯ ಇತಿಹಾಸ, ವರ್ಣಭೇದ, ಮಹಾನಗರದ ಬಡತನ ಇದೆ. ಎರಡನ್ನೂ ಒಂದೇ ಅನ್ನಬೇಡಿ. ಪಕ್ಕ ಪಕ್ಕ ಇಟ್ಟು ನೋಡಿ, ಸಾಕು.

‘ಇದೆಲ್ಲ ನಮಗ್ಯಾಕೆ’ ಅನ್ನುವವರಿಗೆ ಒಂದು ವಿಷಯ ಹೇಳಿ. ನ್ಯೂಯಾರ್ಕ್‌ನಲ್ಲಿ 1845ರ ಒಂದು ಕಾನೂನು ಇತ್ತು. ರೈತರು ವೇಷ ಮರೆಸಿಕೊಂಡು ದಂಗೆ ಏಳುವುದನ್ನು ತಡೆಯಲು ತಂದದ್ದು. ಅದನ್ನೇ ಹಿಡಿದು ಮುಂದೆ ಪೊಲೀಸರು ‘ತಪ್ಪು ಬಟ್ಟೆ’ ತೊಟ್ಟವರನ್ನು ಬಂಧಿಸುತ್ತಿದ್ದರು. ಅದು ಎಲ್ಲೋ ದೂರದ ಹಳೇ ಕಥೆ ಅನ್ನಿಸಿದರೆ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಯನ್ನೇ ನೋಡಿ. 2011ರಲ್ಲಿ ಅದಕ್ಕೆ 36ಎ ಅನ್ನುವ ಸೆಕ್ಷನ್ ಸೇರಿತು. ಅನುಮಾನ ಬಂದ ಹಿಜ್ರಾಗಳ ಹೆಸರು, ವಿಳಾಸದ ಪಟ್ಟಿ ಇಡಲು ಅದು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಹೈಕೋರ್ಟ್‌ನಲ್ಲಿ ಪ್ರಶ್ನೆ ಮಾಡಿದ ಮೇಲೆ ಅದರಲ್ಲಿನ ಪದ ಬದಲಾಯಿತು. ಇಷ್ಟು ಹೇಳಿ ಬಿಟ್ಟುಬಿಡಿ. ವಾದಕ್ಕೆ ಇಳಿಯಬೇಡಿ, ಸಿನಿಮಾ ನೋಡಲಿ.

ಈಗ ನಿಮಗೆ ಅರ್ಥವಾಗದ ಆ ಅರ್ಧ. ಅದು ಬಹುಶಃ ಮಾತಿನ ತೊಡಕು. ಸಿನಿಮಾದ ಮಧ್ಯೆ ಮಧ್ಯೆ ಕಪ್ಪು ತೆರೆಯ ಮೇಲೆ ಒಂದೊಂದು ಪದ ಬರುತ್ತದೆ. ಮೂರನ್ನು ಹಿಡಿದರೆ ದಾರಿ ಸುಗಮ.

‘ರೀಡಿಂಗ್’ ಅಂದರೆ ಓದುವುದಲ್ಲ, ಕಾಲೆಳೆಯುವುದು. ನಮ್ಮವರೇ ನಮ್ಮವರ ಕಾಲೆಳೆಯುವುದು. ಎದುರಾಳಿಯ ಒಂದು ಕೊರತೆಯನ್ನು ಹಿಡಿದು, ಹಾಲ್ ಎಲ್ಲ ನಗುವ ಹಾಗೆ ಹೇಳುವ ಜಾಣತನ. ‘ಶೇಡ್’ ಅದರ ಮುಂದಿನ ಮೆಟ್ಟಿಲು. ಅಲ್ಲಿ ಮಾತೂ ಬೇಡ, ಮೂಗು ಮುರಿದರೆ ಸಾಕು. ಡೋರಿಯನ್ ಕೋರಿ ಇದನ್ನು ಕನ್ನಡಿ ಮುಂದೆ ಕೂತು, ನಿಧಾನವಾಗಿ ಮೇಕಪ್ ಹಚ್ಚುತ್ತಾ ವಿವರಿಸುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಸಿನಿಮಾದ ಜೀವ ಅವರೇ. ಎಲ್ಲ ಕಂಡು, ಎಲ್ಲ ದಾಟಿ ಬಂದ ಹಿರಿಯರ ಮಾತು. ನಮ್ಮ ‘ಕೊಂಕು’ ಅನ್ನುವ ಪದ ಶೇಡ್‌ಗೆ ತುಂಬಾ ಹತ್ತಿರ.

ಕುಣಿತದಲ್ಲೂ ಕೊಂಕು ಇದೆ. ‘ವೋಗಿಂಗ್’ ಅನ್ನುವ ಆ ಕುಣಿತಕ್ಕೆ ವೋಗ್ ಪತ್ರಿಕೆಯ ಮಾಡೆಲ್‌ಗಳ ಭಂಗಿಗಳಿಂದ ಹೆಸರು ಬಂತು. ವಿಲ್ಲಿ ನಿಂಜಾ ಅದರ ದೊಡ್ಡ ಗುರು. ಆ ಕುಣಿತದಲ್ಲಿ ಒಂದು ತುಣುಕನ್ನು ಕಣ್ಣಿಟ್ಟು ನೋಡಿ. ಅಂಗೈಯೇ ಪೌಡರ್ ಡಬ್ಬಿ ಆಗುತ್ತದೆ. ಅದನ್ನು ತೆರೆದು, ಕನ್ನಡಿ ನೋಡಿ, ಕೆನ್ನೆಗೆ, ಕಣ್ಣಿಗೆ ಬಣ್ಣ ಹಚ್ಚಿಕೊಳ್ಳುವ ಅಭಿನಯ. ಆಮೇಲೆ ಅದೇ ಕನ್ನಡಿಯನ್ನು ಎದುರಾಳಿಯ ಮುಖಕ್ಕೆ ಹಿಡಿಯುವುದು: ನಿನಗೇ ಇದು ಜಾಸ್ತಿ ಬೇಕು ಅಂತ. ಕೈಯಲ್ಲಿ ಏನೂ ಇಲ್ಲ, ಬಾಯಲ್ಲಿ ಮಾತಿಲ್ಲ. ಜಗಳವನ್ನು ಕುಣಿತವಾಗಿ ಮಾಡಿದ ಜನ ಇವರು. ಮುಷ್ಟಿ ಎತ್ತುವ ಬದಲು ಕುಣಿದು ತೀರಿಸಿಕೊಳ್ಳುತ್ತಿದ್ದರು. ಸಾಧ್ಯವಾದರೆ ಚರ್ಚೆಯಲ್ಲಿ ಆ ತುಣುಕನ್ನು ಮತ್ತೊಮ್ಮೆ ಹಾಕಿ. ಹಸ್ತಮುದ್ರೆ, ಅಭಿನಯ ಬಲ್ಲವರು ನಿಮ್ಮ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಹೇಳಲು ತುಂಬಾ ಇರುತ್ತದೆ.

ಮಡೋನಾ 1990ರಲ್ಲಿ ‘ವೋಗ್’ ಅನ್ನುವ ಹಾಡು ತಂದಾಗ ಜಗತ್ತು ಈ ಕುಣಿತವನ್ನು ಅವರದೇ ಅಂದುಕೊಂಡಿತು. ಅವರ ಜೊತೆ ಕುಣಿದ ಹೋಸೆ ಮತ್ತು ಲೂಯಿಸ್ ಇಬ್ಬರೂ ಎಕ್ಸ್‌ಟ್ರಾವಗಾಂಜಾ ಮನೆಯ ಮಕ್ಕಳು. ಇಷ್ಟು ಹೇಳಿ ಮುಂದೆ ಹೋಗಿ. ಮಡೋನಾ ಬಗ್ಗೆ ಚರ್ಚೆ ಶುರುವಾದರೆ ಒಂದು ಗಂಟೆ ಅದರಲ್ಲೇ ಕಳೆಯುತ್ತದೆ.

ಮೂರನೆಯ ಪದ ‘ರಿಯಲ್‌ನೆಸ್’. ಇದಕ್ಕೆ ಕನ್ನಡದಲ್ಲಿ ಒಂದೇ ಪದ ನನಗೆ ಸಿಕ್ಕಿಲ್ಲ. ‘ಗುರುತು ಹತ್ತದ ಹಾಗೆ ಬೆರೆತು ಹೋಗುವುದು’ ಅಂತ ಹೇಳುತ್ತೇನೆ. ಕೋಟು ತೊಟ್ಟು ಬ್ರೀಫ್‌ಕೇಸ್ ಹಿಡಿದು ಒಬ್ಬರು ನಡೆದು ಬರುತ್ತಾರಲ್ವಾ, ‘ಎಕ್ಸಿಕ್ಯೂಟಿವ್ ರಿಯಲ್‌ನೆಸ್’ ಕೆಟಗರಿಯಲ್ಲಿ? ಮೊದಲ ಸಲ ನೋಡುವವರು ಅಲ್ಲಿ ನಗುತ್ತಾರೆ. ಆಮೇಲೆ ಡೋರಿಯನ್ ಹೇಳುವುದನ್ನು ಕೇಳಿ. ಓದು, ಅವಕಾಶ ಸಿಕ್ಕಿದ್ದರೆ ಇವರೂ ಅದೇ ಕುರ್ಚಿಯಲ್ಲಿ ಕೂತಿರುತ್ತಿದ್ದರು, ನೋಡಲು ಯಾವ ವ್ಯತ್ಯಾಸವೂ ಇಲ್ಲ, ಅದನ್ನೇ ಇವರು ತೋರಿಸುತ್ತಿದ್ದಾರೆ ಅನ್ನುವ ಅರ್ಥದಲ್ಲಿ ಮಾತಾಡುತ್ತಾರೆ. ಇದರ ಇನ್ನೊಂದು ಮುಖ ಇನ್ನೂ ಕಠಿಣ. ಹೆಣ್ಣಾಗಿ ವಾಕ್ ಮಾಡಿದವರು ಬೆಳಗಿನ ಜಾವ ಅದೇ ಬಟ್ಟೆಯಲ್ಲಿ ರೈಲು ಹತ್ತಿ, ಯಾರ ಕಣ್ಣಿಗೂ ಬೀಳದೆ, ಮೈಯಲ್ಲಿ ಗಾಯವಾಗದೆ ಮನೆ ಸೇರಬೇಕು. ಹಾಲ್‌ನಲ್ಲಿ ಸಿಗುವ ಹತ್ತಕ್ಕೆ ಹತ್ತರ ಹಿಂದೆ ಆ ದಾರಿಯ ಭಯ ಇದೆ.

ವೀನಸ್ ಎಕ್ಸ್‌ಟ್ರಾವಗಾಂಜಾ ಆ ದಾರಿಯಲ್ಲೇ ಹೋದರು. ಜರ್ಸಿ ಸಿಟಿಯ ಹುಡುಗಿ, ಪುಟ್ಟ ಮೈಕಟ್ಟು, ಬಿಳಿ ಉಡುಪಿನಲ್ಲಿ ಚರ್ಚ್‌ನಲ್ಲಿ ಮದುವೆ ಆಗಬೇಕು ಅನ್ನುವ ಆಸೆ. ಹಾಸಿಗೆ ಮೇಲೆ ಮಲಗಿ ಅದನ್ನೆಲ್ಲ ಹೇಳುತ್ತಾರೆ. 1988ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಒಂದು ಹೋಟೆಲ್ ಕೋಣೆಯಲ್ಲಿ ಅವರ ಶವ ಸಿಕ್ಕಿತು, ಕತ್ತು ಹಿಸುಕಿ ಕೊಂದಿದ್ದರು. ಆಗ ಅವರಿಗೆ 23. ಸುದ್ದಿಯನ್ನು ಸಿನಿಮಾದಲ್ಲಿ ಹೇಳುವುದು ಅವರ ಮನೆಯ ತಾಯಿ ಏಂಜಿ. ಪೊಲೀಸರು ಗುರುತು ಹಿಡಿಯಲು ಹುಡುಕಿಕೊಂಡು ಬಂದದ್ದು ಏಂಜಿಯನ್ನು, ಹೆತ್ತ ಮನೆಯವರಿಗೆ ಹೇಳುವ ಕೆಲಸವೂ ಏಂಜಿಯ ಪಾಲಿಗೇ ಬಂತು. ತಾಯಿ ಅನ್ನುವ ಪದಕ್ಕೆ ಆ ಮನೆಗಳಲ್ಲಿ ಎಷ್ಟು ತೂಕ ಇತ್ತು ಅಂತ ಅಲ್ಲಿ ಗೊತ್ತಾಗುತ್ತದೆ. ಕೊಂದವರು ಸಿಕ್ಕಲೇ ಇಲ್ಲ. ಎಷ್ಟೋ ವರ್ಷದ ನಂತರ ವೀನಸ್‌ರ ಒಡಹುಟ್ಟಿದ ಅಣ್ಣತಮ್ಮಂದಿರು ಎಕ್ಸ್‌ಟ್ರಾವಗಾಂಜಾ ಮನೆಯವರ ಜೊತೆ ಕೂಡಿ, ಅವರ ಹೆಸರನ್ನು ಕಾನೂನಿನ ದಾಖಲೆಯಲ್ಲಿ ವೀನಸ್ ಅಂತಲೇ ಬದಲಿಸಿಕೊಂಡರು.

ಆ ದೃಶ್ಯ ಆದ ಮೇಲೆ ಸಿನಿಮಾ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಬೇಗ ಮುಗಿಯುತ್ತದೆ. ದೀಪ ಹಾಕಿದ ತಕ್ಷಣ ಮೈಕ್ ಹಿಡಿಯಬೇಡಿ. ಚಹಾ ಕೊಡಿ. ಹತ್ತು ನಿಮಿಷ ಜನ ತಮ್ಮ ತಮ್ಮಲ್ಲೇ ಇರಲಿ.

ಏಡ್ಸ್ ಬಗ್ಗೆ ಸಿನಿಮಾ ಹೆಚ್ಚು ಮಾತಾಡುವುದಿಲ್ಲ. ಅದನ್ನು ನೀವೇ ತುಂಬಬೇಕು. ಆ ವರ್ಷಗಳಲ್ಲಿ ನ್ಯೂಯಾರ್ಕ್‌ನ ಇದೇ ಜನ ಸಾಲು ಸಾಲಾಗಿ ಸಾಯುತ್ತಿದ್ದರು. ಏಂಜಿ ಮತ್ತು ಡೋರಿಯನ್ 1993ರಲ್ಲಿ, ವಿಲ್ಲಿ ನಿಂಜಾ 2006ರಲ್ಲಿ ಹೋದರು, ಮೂವರೂ ಏಡ್ಸ್ ಸಂಬಂಧಿತ ಕಾಯಿಲೆಯಿಂದ. ಕಾಯಿಲೆ ಬಂದಾಗ ಆಸ್ಪತ್ರೆಯಲ್ಲಿ ಪಕ್ಕ ಕೂತವರು ಮನೆಯವರೇ, ಅಂದರೆ ಈ ಮನೆಗಳವರೇ. ಮುಂದೆ ಆರೋಗ್ಯ ಸಂಸ್ಥೆಗಳೂ ಇದನ್ನು ಅರ್ಥ ಮಾಡಿಕೊಂಡು ಬಾಲ್‌ಗಳ ಮೂಲಕವೇ ಎಚ್‌ಐವಿ ಜಾಗೃತಿ ಮಾಡಿದವು.

ಇನ್ನು ಚರ್ಚೆಯಲ್ಲಿ ತಪ್ಪಿಸಬಾರದ ಒಂದು ಮುಖ್ಯ ವಿಷಯ: ಹಣ. ನಿರ್ದೇಶಕಿ ಜೆನ್ನಿ ಲಿವಿಂಗ್‌ಸ್ಟನ್ ಬಿಳಿಯರು, ಚೆನ್ನಾಗಿ ಓದಿದವರು, ತಾವೂ ಲೆಸ್ಬಿಯನ್. ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ವೋಗಿಂಗ್ ಮಾಡುತ್ತಿದ್ದ ಹುಡುಗರನ್ನು ಕಂಡು ಈ ಲೋಕಕ್ಕೆ ಬಂದರು. ವರ್ಷಗಟ್ಟಲೆ ದುಡ್ಡಿಗಾಗಿ ಅಲೆದು ಸಿನಿಮಾ ಮುಗಿಸಿದರು. 1991ರಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಬಂತು, ಚಿತ್ರಮಂದಿರದಲ್ಲಿ ಸುಮಾರು 40 ಲಕ್ಷ ಡಾಲರ್ ಗಳಿಸಿತು. ಆಗ ಅದರಲ್ಲಿ ಕಾಣಿಸಿಕೊಂಡವರು ಕೇಳಿದರು: ನಮ್ಮ ಪಾಲೆಲ್ಲಿ? ಪ್ಯಾರಿಸ್ ಡುಪ್ರೀ ಅವರ ವಾರ್ಷಿಕ ಬಾಲ್‌ನ ಹೆಸರನ್ನೇ ಸಿನಿಮಾಕ್ಕೆ ಇಟ್ಟಿದ್ದರು, ಅವರಂತೂ ಕೋರ್ಟಿಗೆ ಹೋಗುವ ಮಾತಾಡಿದರು. ಎಲ್ಲರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರಿಂದ ಕಾನೂನಿನ ದಾರಿ ಇರಲಿಲ್ಲ. ಕೊನೆಗೆ 13 ಜನರಿಗೆ ಒಟ್ಟು ಸುಮಾರು 55,000 ಡಾಲರ್ ಹಂಚಿದರು.

ಲೇಖಕಿ ಬೆಲ್ ಹುಕ್ಸ್ ಇನ್ನೊಂದು ಟೀಕೆ ಮಾಡಿದರು. ಹೊರಗಿನ ಬಿಳಿ ಕಣ್ಣು ಈ ಜನರ ನೋವನ್ನು ತಮಾಷೆಯ ನೋಟ ಮಾಡಿದೆ, ಬಿಳಿಯರ ಸಿರಿವಂತಿಕೆಯೇ ಸೊಬಗು ಅನ್ನುವ ನಂಬಿಕೆಯನ್ನು ಪ್ರಶ್ನಿಸದೆ ಬಿಟ್ಟಿದೆ ಅಂತ. ಈ ಟೀಕೆಯನ್ನು ನಾನು ಒಪ್ಪುತ್ತೇನೆ. ಹಾಗಂತ ಸಿನಿಮಾ ಬಿಡಬೇಕು ಅನ್ನುವುದನ್ನು ಒಪ್ಪುವುದಿಲ್ಲ. ಈ ಸಿನಿಮಾ ಇಲ್ಲದಿದ್ದರೆ ಡೋರಿಯನ್‌ರ ದನಿಯಾಗಲಿ ವೀನಸ್‌ರ ನಗುವಾಗಲಿ ಈ ರೀತಿ ನಮಗೆ ಉಳಿಯುತ್ತಿರಲಿಲ್ಲ. 2016ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಾಡಬೇಕಾದ ಸಿನಿಮಾಗಳ ಪಟ್ಟಿಗೆ ಸೇರಿಸಿತು. ಸಿನಿಮಾ ತೋರಿಸಿ, ಹಣದ ಪ್ರಶ್ನೆಯನ್ನೂ ಅದರ ಜೊತೆಗೇ ತೋರಿಸಿ.

ಇದು ನಿಮ್ಮ ‘ಯಾರನ್ನಾದರೂ ಕರೆಸಬೇಕಾ’ ಅನ್ನುವ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು. 2015ರಲ್ಲಿ ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕಿನಲ್ಲಿ ಈ ಸಿನಿಮಾದ ಬಯಲು ಪ್ರದರ್ಶನ ಏರ್ಪಾಡಾಗಿತ್ತು. ಮೊದಲು ಹೊರಬಂದ ಕಾರ್ಯಕ್ರಮದ ಪಟ್ಟಿಯಲ್ಲಿ ಬಾಲ್ ಲೋಕದವರು ಒಬ್ಬರೂ ಇರಲಿಲ್ಲ. ಅವರ ಸಿನಿಮಾ, ಅವರದೇ ಊರು, ವೇದಿಕೆ ಮಾತ್ರ ಬೇರೆಯವರದು! ಜೋರಾದ ವಿರೋಧ ಬಂತು, ಸಹಿ ಸಂಗ್ರಹ ನಡೆಯಿತು, ಆಯೋಜಕರು ಪಟ್ಟಿ ಬದಲಿಸಬೇಕಾಯಿತು.

ಹಾಗಾಗಿ ಕರೆಸಿ. ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆಗಳಿವೆ, ಚೆನ್ನಾಗಿ ಮಾತಾಡುವವರಿದ್ದಾರೆ. ಆದರೆ ಮೂರು ವಿಷಯ ಮೊದಲೇ ಗಟ್ಟಿ ಮಾಡಿಕೊಳ್ಳಿ. ಬಸ್ ಚಾರ್ಜ್ ಅಷ್ಟೇ ಅಲ್ಲ, ಸಂಭಾವನೆ ಕೊಡಿ, ಬೇರೆ ಅತಿಥಿಗಳಿಗೆ ಎಷ್ಟು ಕೊಡುತ್ತೀರೋ ಅಷ್ಟು. ಸಿನಿಮಾವನ್ನು ಅವರಿಗೆ ಮುಂಚೆಯೇ ನೋಡಲು ಕೊಡಿ. ಅವರನ್ನು ಸಿನಿಮಾ ಬಗ್ಗೆ ಮಾತಾಡಲು ಕರೆಯಿರಿ, ಅವರ ಜೀವನಕಥೆ ಹೇಳಲು ಅಲ್ಲ.

ಈ ಕೊನೆಯದನ್ನು ನಾನು ತಪ್ಪು ಮಾಡಿ ಕಲಿತೆ. ಒಂದು ಪ್ರದರ್ಶನಕ್ಕೆ ಒಬ್ಬ ಟ್ರಾನ್ಸ್ ಮಹಿಳೆಯನ್ನು ಕರೆಸಿದ್ದೆ. ಡೋರಿಯನ್ ಬಗ್ಗೆ ಹೇಳಬೇಕು ಅಂತ ಪುಟ್ಟ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಸಭೆಯಿಂದ ಬಂದ ಮೊದಲ ಪ್ರಶ್ನೆಯೇ ಆಪರೇಷನ್ ಬಗ್ಗೆ. ಎರಡನೆಯದೂ ಅದೇ. ಅವರು ನಗುತ್ತಲೇ ಉತ್ತರಿಸಿದರು. ಮೂರನೆಯದಕ್ಕೆ ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು. ಚೀಟಿ ಕೈಯಲ್ಲೇ ಇತ್ತು. ನಾನು ತಡೆಯಬೇಕಿತ್ತು, ತಡೆಯಲಿಲ್ಲ. ಈಗ ಶುರುವಿನಲ್ಲೇ ಹೇಳುತ್ತೇನೆ: ನಿಮ್ಮ ಪಕ್ಕದ ಮನೆಯವರನ್ನು ಕೇಳಲಾಗದ್ದನ್ನು ಇಲ್ಲಿಯೂ ಕೇಳಬೇಡಿ.

ಅದೇ ಕಾರಣಕ್ಕೆ ಒಂದು ವ್ಯತ್ಯಾಸ ನಿಮಗೆ ತಿಳಿದಿರಲಿ. ಸಿನಿಮಾದಲ್ಲಿ ಕಾಣುವವರೆಲ್ಲ ಒಂದೇ ಥರ ಅಲ್ಲ. ವೀನಸ್, ಆಕ್ಟೇವಿಯಾ ಹೆಣ್ಣಾಗಿಯೇ ಬದುಕಿದವರು. ಪೆಪ್ಪರ್ ಲಬೇಜಾ ಹೆಣ್ಣಿನ ಉಡುಪಿನಲ್ಲಿ ಚಿನ್ನದಂತೆ ಹೊಳೆಯುತ್ತಾ ಬಂದರೂ, ತಾನು ಹೆಣ್ಣು ಅಂತ ಹೇಳಿಕೊಳ್ಳುವುದಿಲ್ಲ. ವಿಲ್ಲಿ ನಿಂಜಾ ಗೇ ಗಂಡಸು. ಡ್ರ್ಯಾಗ್ ಅಂದರೆ ಪ್ರದರ್ಶನಕ್ಕೆ ಕಟ್ಟುವ ವೇಷ, ಟ್ರಾನ್ಸ್ ಅನ್ನುವುದು ಒಬ್ಬರ ಸ್ವಂತ ಗುರುತು. ಡ್ರ್ಯಾಗ್ ಬೇರೆ, ಟ್ರಾನ್ಸ್ ಬೇರೆ. ಮಾತಾಡುವಾಗ ‘ಅವನು’, ‘ಅವಳು’ ಅಂತ ತಡವರಿಸುವವರಿಗೆ ಕನ್ನಡದಲ್ಲಿ ಸುಲಭದ ದಾರಿ ಇದೆ: ‘ಅವರು’ ಅನ್ನಿ. ಗೌರವವೂ ಆಯಿತು, ತಪ್ಪೂ ಆಗುವುದಿಲ್ಲ.

ಸಣ್ಣಪುಟ್ಟ ಏರ್ಪಾಡುಗಳನ್ನು ಬೇಗ ಹೇಳಿಬಿಡುತ್ತೇನೆ. ಸಿನಿಮಾ ಸುಮಾರು ಒಂದೂಕಾಲು ಗಂಟೆ. ಮನೆಯಲ್ಲಿ ನೋಡುವ ಚಂದಾದಾರಿಕೆ ಇದ್ದರೆ ಸಭೆಯಲ್ಲಿ ತೋರಿಸುವ ಹಕ್ಕು ಬಂದಂತಲ್ಲ, ಹಂಚಿಕೆದಾರರಿಗೆ ಬರೆದು ಅನುಮತಿ ಪಡೆಯಿರಿ. ಮಾತು ವೇಗ, ಸಬ್‌ಟೈಟಲ್ ಹಾಕಲೇಬೇಕು. ಬೈಗುಳ, ಸ್ವಲ್ಪ ನಗ್ನತೆ ಇದೆ. ಅಮೆರಿಕದಲ್ಲೂ ದೊಡ್ಡವರ ಸಿನಿಮಾ ಅಂತಲೇ ಬಿಡುಗಡೆಯಾದದ್ದು, ಮಕ್ಕಳು ಬೇಡ. ಒಂದು ಸಾವಿನ ಸುದ್ದಿ ಇದೆ ಅಂತ ಮೊದಲೇ ಹೇಳಿ, ಯಾರದು ಅಂತ ಹೇಳಬೇಡಿ. ಸಭೆಯ ಫೋಟೋ ತೆಗೆದು ಗ್ರೂಪಿನಲ್ಲಿ ಹಾಕುವುದು ಬೇಡವೇ ಬೇಡ. ಈ ಸಿನಿಮಾಕ್ಕೆ ಯಾರು ಯಾಕೆ ಬಂದಿರುತ್ತಾರೋ ಗೊತ್ತಿಲ್ಲ. ಮನೆಯಲ್ಲಿ ಇನ್ನೂ ಬಾಯಿ ಬಿಡದ ಹುಡುಗನೊಬ್ಬ ಕೊನೆಯ ಸಾಲಿನಲ್ಲಿ ಕೂತಿರಬಹುದು.

ಚರ್ಚೆಗೆ ‘ನಿಮಗೆ ಏನನ್ನಿಸಿತು’ ಅಂತ ಕೇಳಿದರೆ ‘ಚೆನ್ನಾಗಿತ್ತು, ಪಾಪ’ ಅನ್ನುವ ಉತ್ತರ ಬರುತ್ತದೆ. ಅದರ ಬದಲು ಕಂಡದ್ದನ್ನು ಕೇಳಿ. ಪೆಪ್ಪರ್ ಒಂದು ಕೋಟಿನ ಕಥೆ ಹೇಳುತ್ತಾರೆ. ಅವರ ಮಿಂಕ್ ಕೋಟನ್ನು ಹೆತ್ತ ತಾಯಿಯೇ ಸುಟ್ಟುಹಾಕಿದ್ದು, ಅವರು ಮಗುವಿನ ಹಾಗೆ ಅತ್ತದ್ದು. ಆ ತಾಯಿ ಯಾಕೆ ಸುಟ್ಟರು? ಕೋಟಿನಲ್ಲಿ ಅವರಿಗೆ ಏನು ಕಂಡಿತು? ಈ ಪ್ರಶ್ನೆ ಇಟ್ಟು ನೀವು ಸುಮ್ಮನಿರಿ. ಮೊದಲು ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರೋ ಒಬ್ಬರು ತಮ್ಮ ಮನೆಯ ಒಂದು ಬಟ್ಟೆಯ ಕಥೆ, ಒಂದು ಜಗಳದ ಕಥೆ ಹೇಳುತ್ತಾರೆ. ನಾನು ನಡೆಸಿದ ಹೆಚ್ಚಿನ ಚರ್ಚೆಗಳು ಅಲ್ಲಿಂದಲೇ ದಾರಿ ಹಿಡಿದಿವೆ.

ಇದು ಮುಗಿದ ಕಾಲದ ಕಥೆ ಅಂತ ಯಾರಾದರೂ ಅಂದರೆ ಓಶೇ ಸಿಬ್ಲಿ ಹೆಸರು ಹೇಳಿ. 28 ವರ್ಷದ ಕಪ್ಪು ಗೇ ನೃತ್ಯಗಾರ. 2023ರ ಜುಲೈನಲ್ಲಿ ಬ್ರೂಕ್ಲಿನ್‌ನ ಒಂದು ಪೆಟ್ರೋಲ್ ಬಂಕ್‌ನಲ್ಲಿ ಗೆಳೆಯರ ಜೊತೆ ವೋಗಿಂಗ್ ಮಾಡುತ್ತಿದ್ದಾಗ ಶುರುವಾದ ಜಗಳದಲ್ಲಿ ಅವರನ್ನು ಇರಿದು ಕೊಂದರು. ಕೆಲವು ದಿನದಲ್ಲೇ ಅದೇ ಬಂಕ್‌ನ ಅಂಗಳದಲ್ಲಿ ಜನ ಸೇರಿ, ಅವರಿಗಾಗಿ ವೋಗಿಂಗ್ ಮಾಡಿದರು.

ಕೊನೆಗೆ ನಿಮ್ಮ ತಾಯಿ. ಖಂಡಿತ ಕರೆದುಕೊಂಡು ಬನ್ನಿ. ಬೈಗುಳ ಇದೆ ಅಂತ ಮನೆಯಲ್ಲೇ ಒಂದು ಮಾತು ಹೇಳಿಬಿಡಿ, ಅವರೇ ತೀರ್ಮಾನ ಮಾಡಲಿ. ಹಿಂದೆ ಕೂರಿಸಬೇಡಿ, ಸಬ್‌ಟೈಟಲ್ ಅಕ್ಷರ ಚಿಕ್ಕದು. ಇಂಗ್ಲಿಷ್ ಓದಲು ತಡವಾಗುತ್ತದೆ ಅಂದರೆ ಪಕ್ಕದಲ್ಲಿ ಒಬ್ಬರು ಕೂತು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋಗಲಿ. ಎಲ್ಲವನ್ನೂ ಹೇಳಬೇಕಿಲ್ಲ. ‘ಇವರು ಆ ಮನೆಯ ತಾಯಿ’, ‘ಇವನು ಅವರ ಮಗ’, ‘ಈಗ ಕಾಲೆಳೆಯುತ್ತಿದ್ದಾರೆ’, ಇಷ್ಟಿದ್ದರೆ ಅವರಿಗೆ ಉಳಿದದ್ದು ತಿಳಿಯುತ್ತದೆ. ಚಹಾ ಆದ ಮೇಲೆ ಮೊದಲ ಪ್ರಶ್ನೆ ಕೇಳುವ ಅವಕಾಶವನ್ನು ಅವರಿಗೇ ಕೊಡಿ.